ಹದಿನಾಲ್ಕು ಮೊಳದ ಗೋಡೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಯಾರಾದರೂ "ನಮ್ಮ ಕಡೆ ಒಂದು ವಿಚಿತ್ರ ನಡೀತು" ಎಂದು ಶುರು ಮಾಡಿದರೆ ಎದುರಿಗೆ ಹೂಂಗುಟ್ಟಿ, ಒಳಗೊಳಗೇ ನಕ್ಕು, ಕತೆ ಮುಗಿಯುವಷ್ಟರಲ್ಲಿ ಅದಕ್ಕೊಂದು ಕಾರಣ ಹುಡುಕಿ ಇಟ್ಟುಕೊಳ್ಳುವವಳು ನಾನು. ಅಪ್ಪ ಕೊಪ್ಪದಲ್ಲಿ ವಿಜ್ಞಾನದ ಮೇಷ್ಟರಾಗಿದ್ದರು. ಮನೆಗೆ ಬಂದವರು ಭೂತ, ಚೌಡಿ ಎಂದು ಬಾಯಿ ತೆರೆದರೆ, "ಕೇಳಿದವರು ಬೇಡ, ಸ್ವತಃ ನೋಡಿದವರನ್ನು ಕರ್ಕೊಂಡು ಬನ್ನಿ, ಮಾತಾಡೋಣ" ಎನ್ನುತ್ತಿದ್ದರು. ಹಾಗೆ ಒಬ್ಬರೂ ಬರಲಿಲ್ಲ. ಆ ಪಾಠ ನನಗೆ ಚೆನ್ನಾಗಿಯೇ ಹತ್ತಿತ್ತು. ಈಗ ನಾನೇ ಹೇಳುವವಳಾಗಿ ಕೂತಿದ್ದೇನೆ. ಅಪ್ಪ ಇದ್ದಿದ್ದರೆ ನನ್ನನ್ನು ಹೇಗೆ ಪ್ರಶ್ನಿಸುತ್ತಿದ್ದರೋ ಹಾಗೆಲ್ಲ ನನ್ನನ್ನೇ ಪ್ರಶ್ನಿಸಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ ಎಂಬುದಷ್ಟನ್ನು ದಯವಿಟ್ಟು ನಂಬಿ.

ಜನರಿಗೆ ಸ್ಕೂಬಾ ಕಲಿಸುವುದು ನನ್ನ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಕಾಲಿಗೆ ಬಾತುಕೋಳಿ ಪಾದದಂಥ ಫಿನ್ ಹಾಕಿಕೊಂಡು ನೀರಿನಡಿ ಹೋಗುವ ವಿದ್ಯೆ. ಘಟ್ಟ ಇಳಿದು ಕರಾವಳಿಗೆ ಹೋಗಿ ಕಲಿತೆ, ಹದಿನೈದು ವರ್ಷ ಉಪ್ಪುನೀರಿನಲ್ಲೇ ಕಳೆದೆ. ನನ್ನ ಜೊತೆಗಾರ ಶಶಿಧರ ಕಿಗ್ಗದವನು, ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಆರಡಿ ಮೀರಿದ ಆಳು, ಮಗುವಿನಂಥ ಮನಸ್ಸು. ನೀರಿಗೆ ಇಳಿಯುವ ಮುಂಚೆ ಒಂದು ಬೊಗಸೆ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಒಂದು ದಿನವೂ ಇಳಿದವನಲ್ಲ. "ಸಿಲಿಂಡರಿಗೂ ಒಂದು ಮಂಗಳಾರತಿ ಮಾಡಿಬಿಡೋ" ಎಂದು ನಾನು ಛೇಡಿಸುತ್ತಿದ್ದೆ. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನ್ನನ್ನು ಅಕ್ಕ ಎನ್ನುತ್ತಿದ್ದ, ಅಕ್ಕನ ಹಾಗೆಯೇ ನೋಡಿಕೊಳ್ಳುತ್ತಿದ್ದ.

ಕೆಲವು ವರ್ಷಗಳ ಹಿಂದೆ ನರಸಿಂಹರಾಜಪುರದ ನಾಲ್ಕೈದು ಪರಿಚಯದವರು ನನ್ನನ್ನು ಕೇಳಿಕೊಂಡರು. ಭದ್ರಾ ಹಿನ್ನೀರಿನಲ್ಲಿ, ಮುತ್ತಿನಕೊಪ್ಪದಿಂದ ಸ್ವಲ್ಪ ಆಚೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಒಂದು ಸಣ್ಣ ಊರಿದೆ. ಸುತ್ತಲಿನವರು ಅದನ್ನು ಹಳೇ ಊರು ಎಂದಷ್ಟೇ ಕರೆಯುತ್ತಾರೆ. ಅಲ್ಲಿಗೆ ಪ್ರವಾಸಿಗಳನ್ನು ಇಳಿಸಿ ತೋರಿಸಬಹುದೇ, ನೋಡುವಂಥದ್ದು ಏನಾದರೂ ಉಳಿದಿದೆಯೇ, ಅಪಾಯ ಎಷ್ಟು, ಇದನ್ನೆಲ್ಲ ಒಮ್ಮೆ ಇಳಿದು ನೋಡಿ ಹೇಳಬೇಕು ಎಂಬುದು ಅವರ ಕೋರಿಕೆ. ನಾನು ಥಟ್ಟನೆ ಒಪ್ಪಿದೆ. ನನ್ನದೇ ಸೀಮೆ. ಮೇಲಾಗಿ ನಿಂತ ನೀರು, ಅಲೆಯಿಲ್ಲ, ಸೆಳೆತವಿಲ್ಲ. ಸಮುದ್ರ ಈಜಿದವಳಿಗೆ ಹಳ್ಳ ದಾಟುವುದು ಒಂದು ಲೆಕ್ಕವೇ ಎಂದುಕೊಂಡೆ. ಆ ಜಂಬಕ್ಕೆ ಕೊಡಬೇಕಾದ ಬೆಲೆ ಎಂಥದ್ದೆಂದು ಆಗ ಗೊತ್ತಿರಲಿಲ್ಲ.

ದೋಣಿಗೆ ಯಾರನ್ನು ಹಿಡಿಯುವುದು ಎಂದರೆ ದಡದಲ್ಲಿದ್ದ ಮೀನುಗಾರರೆಲ್ಲ ಒಂದೇ ಹೆಸರು ಹೇಳಿದರು: ದ್ಯಾವಮ್ಮ. ಎಪ್ಪತ್ತು ದಾಟಿದ ಹೆಂಗಸು. ಸಣ್ಣ ಮೈ, ಕರಿ ಬೊಡ್ಡೆಯಂಥ ತೋಳು. ಅವಳು ಹುಟ್ಟಿದ್ದು ಅದೇ ಮುಳುಗಿದ ಊರಿನಲ್ಲಿ. ಊರು ಬಿಟ್ಟಾಗ ಹದಿನಾಲ್ಕೋ ಹದಿನೈದೋ ವರ್ಷ. ಆಮೇಲೆ ಇಡೀ ಬದುಕನ್ನು ಅದರ ಮೇಲಿನ ನೀರಿನಲ್ಲಿ ಬಲೆ ಬೀಸಿ, ಆ ದಡದವರನ್ನು ಈ ದಡಕ್ಕೆ ದಾಟಿಸಿ ಕಳೆದಿದ್ದಾಳೆ. ನಮ್ಮ ಸಿಲಿಂಡರುಗಳನ್ನು ಒಂದೊಂದಾಗಿ ಎತ್ತಿ ದೋಣಿಗಿಟ್ಟು, "ಇದ್ರೊಳಗೆ ಎಂತ ತುಂಬ್ಸೀರಿ?" ಎಂದು ಕೇಳಿದಳು. ಗಾಳಿ ಎಂದೆ. "ಗಾಳಿ ಇಷ್ಟು ಭಾರ ಆತದಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಏಪ್ರಿಲ್ ತಿಂಗಳು, ಬೆಳಿಗ್ಗೆ ಒಂಬತ್ತರ ಸುಮಾರು. ಎಳೆಬಿಸಿಲು, ನೀರು ಕನ್ನಡಿ. ದಡದಿಂದ ನೆಟ್ಟಗೆ ಹೋದರೆ ಹತ್ತು ನಿಮಿಷದ ದಾರಿ. ದ್ಯಾವಮ್ಮ ಮಾತ್ರ ದೋಣಿಯನ್ನು ನೆಟ್ಟಗೆ ಬಿಡಲಿಲ್ಲ. ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿಸಿದಳು, ಮತ್ತೆ ಬಲಕ್ಕೆ, ಒಂದು ಕಡೆ ಅರ್ಧ ಸುತ್ತು. ಸುತ್ತ ನೀರಲ್ಲದೆ ಬೇರೇನೂ ಇಲ್ಲ. ಯಾಕಮ್ಮಾ ಹೀಗೆ ಎಂದು ಕೇಳಿದ್ದಕ್ಕೆ, "ರಸ್ತೆ ಹಿಂಗೇ ಹೋಗದು. ನೆಟ್ಟಗೆ ಹೋದ್ರೆ ಮನೆಗಳ ಮೇಲೆ ಹಾಯ್ಬೇಕಾತದೆ. ಮನುಷ್ರ ಮನೆ ಮೇಲೆ ಹಾದು ಹೋಗದು ಸರಿಯಾ?" ಎಂದಳು. ಶಶಿ ಗಂಭೀರವಾಗಿ ತಲೆಯಾಡಿಸಿದ. ನನಗೆ ನಗು ತಡೆಯಲಾಗಲಿಲ್ಲ. "ದ್ಯಾವಮ್ಮ, ಎದುರಿಗೆ ಬಸ್ಸು ಬಂದ್ರೆ ಹಾರ್ನ್ ಮಾಡಿ" ಎಂದೆ. ಅವಳೂ ನಕ್ಕಳು. ಆದರೆ ಹುಟ್ಟು ಹಾಕುವ ಕೈ ಆ ಕಾಣದ ರಸ್ತೆಯನ್ನು ಒಂದು ಗೇಣೂ ಬಿಡಲಿಲ್ಲ.

ಒಂದು ಜಾಗದಲ್ಲಿ ದೋಣಿ ನಿಲ್ಲಿಸಿ, "ಇಲ್ಲಿ ಇಳೀರಿ. ಕಲ್ಲಿನ ದೀಪದ ಕಂಬ ಸಿಕ್ತದೆ. ಅಲ್ಲಿಂದ ಬಲಕ್ಕೆ ದೊಡ್ಮನೆ ಅಂಗಳ" ಎಂದಳು. ದೊಡ್ಡಮನೆ ಎಂದರೆ ಆ ಊರಿನ ಒಕ್ಕಲು ಯಜಮಾನರ ಮನೆ. ಅವಳ ತಾಯಿ ಅಲ್ಲಿ ಕೂಲಿಗೆ ಹೋಗುತ್ತಿದ್ದಳಂತೆ, ಜೊತೆಗೆ ಇವಳೂ. ಆ ಮನೆಯ ಗೋಡೆಗಳಿಗೆ ಕೆಮ್ಮಣ್ಣು ಬಳಿಯುವುದು, ನೆಲ ಸಾರಿಸುವುದು ಅವ್ವ ಮಗಳ ಪಾಲಿನ ಕೆಲಸವಾಗಿತ್ತು. ಇಷ್ಟು ಹೇಳಿ ಅವಳು ಎಲೆಯಡಿಕೆ ಸಂಚಿ ಬಿಚ್ಚಿದಳು. ನಾವು ಹಿಂದಕ್ಕೆ ಮಗುಚಿ ನೀರಿಗೆ ಬಿದ್ದೆವು.

ಇಳಿದಲ್ಲಿ ಕಂಬ ಇತ್ತು. ಅಂದಾಜಿನಿಂದ ಹತ್ತು ಮಾರು ಆಚೆಗೋ ಈಚೆಗೋ ಅಲ್ಲ, ನನ್ನ ಕಾಲು ತಾಗುವಷ್ಟು ಹತ್ತಿರ. ಆ ವಿಶಾಲ ನೀರಿನಲ್ಲಿ, ಒಂದು ಗುರುತೂ ಇಲ್ಲದ ಕಡೆ, ಉಪಕರಣದ ಹಂಗಿಲ್ಲದೆ ಆ ಮುದುಕಿ ನಮ್ಮನ್ನು ಅದರ ನೆತ್ತಿಯ ಮೇಲೆ ತಂದು ಇಳಿಸಿದ್ದಳು. ನಿಜ ಹೇಳುತ್ತೇನೆ, ನನ್ನ ಹದಿನೈದು ವರ್ಷದ ವಿದ್ಯೆ ಅವಳ ಮುಂದೆ ಸಣ್ಣದೆನಿಸಿತು. ಆಳ ಹನ್ನೊಂದು ಮೀಟರ್, ನಮ್ಮ ಲೆಕ್ಕದಲ್ಲಿ ಆರೇಳು ಆಳು. ಎರಡು ಮಾರು ದೂರದವರೆಗೆ ಮಂಕಾಗಿ ಕಾಣುತ್ತಿತ್ತು, ಅದರಾಚೆ ಹಸಿರು ಕತ್ತಲೆ. ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ವಸ್ತು ಎದುರಾಗುತ್ತಿತ್ತು: ಬಟ್ಟೆ ಒಗೆಯುವ ಕಲ್ಲು, ದನಕ್ಕೆ ನೀರಿಡುವ ಕಲ್ಲಿನ ಬಾನಿ, ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ. ಒಂದು ಒರಳುಕಲ್ಲಿನ ಗುಂಡಿಯೊಳಗಿಂದ ಸಣ್ಣ ಮೀನಿನ ಹಿಂಡು ಬುಳಕ್ಕನೆ ಎದ್ದು ಹೋಯಿತು. ಹವಳದ ಬಂಡೆ, ಬಣ್ಣದ ಮೀನು ಎಲ್ಲ ನೋಡಿದ್ದೇನೆ. ಆ ಒರಳನ್ನು ನೋಡಿದಾಗ ಆದಷ್ಟು ಸಂತೋಷ ಎಲ್ಲಿಯೂ ಆಗಿರಲಿಲ್ಲ. ಯಾರೋ ಕೂತು ರುಬ್ಬುತ್ತಿದ್ದ ಜಾಗ ಅದು.

ಅದರ ಚಿತ್ರ ತೆಗೆಯುತ್ತ ನಿಂತದ್ದೇ ನಾನು ಮಾಡಿದ ತಪ್ಪು. ನಾಲ್ಕೈದು ನಿಮಿಷ ಅದರಲ್ಲೇ ಮುಳುಗಿಹೋದೆ. ತಿರುಗಿ ನೋಡಿದರೆ ಶಶಿ ಇಲ್ಲ. ಅವನಿದ್ದ ಕಡೆ ಹೂಳು ಎದ್ದು ದಟ್ಟ ಮೋಡದ ಹಾಗೆ ಹರಡುತ್ತಿತ್ತು. ಕೆರೆಯ ತಳದ ಹೂಳು ಎಂಥದ್ದೆಂದು ಸಮುದ್ರದವರಿಗೆ ತಿಳಿಯುವುದಿಲ್ಲ. ಒಂದು ಸಲ ಕಾಲಾಡಿಸಿದರೆ ಸಾಕು, ಮುಖದ ಮುಂದೆ ಹಿಡಿದ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಇಂಥ ಕಡೆ ಇಬ್ಬರ ನಡುವೆ ಹಗ್ಗ ಇರಬೇಕು. ಅದನ್ನು ವಿದ್ಯಾರ್ಥಿಗಳಿಗೆ ನೂರು ಸಲ ಹೇಳಿದವಳು ನಾನೇ. ಅವತ್ತು ಹಗ್ಗ ಚೀಲದಲ್ಲೇ ಇತ್ತು. ಹೊಂಡದ ನೀರಿಗೆ ಹಗ್ಗ ಯಾಕೆ ಎಂದವಳೂ ನಾನೇ.

ಜೊತೆಗಾರ ತಪ್ಪಿಸಿಕೊಂಡರೆ ಒಂದು ನಿಮಿಷ ಹುಡುಕು, ಸಿಗದಿದ್ದರೆ ಮೇಲಕ್ಕೆ ಬಾ, ಅವನೂ ಬರುತ್ತಾನೆ. ಇದು ನಮ್ಮ ನಿಯಮ. ಹುಡುಕಿದೆ, ಮೇಲಕ್ಕೆ ಬಂದೆ. ಶಶಿ ಬಂದಿರಲಿಲ್ಲ. ಎರಡು ನಿಮಿಷ, ಮೂರು ನಿಮಿಷ ಕಳೆಯಿತು. ನೀರೊಳಗಿದ್ದವನು ಉಸಿರು ಬಿಟ್ಟರೆ ಮೇಲೆ ಗುಳ್ಳೆ ಏಳಲೇಬೇಕು. ಕನ್ನಡಿಯಂಥ ಆ ನೀರಿನ ಮೇಲೆ ಎಲ್ಲೂ ಒಂದು ಗುಳ್ಳೆಯಿಲ್ಲ. ಗುಳ್ಳೆ ಇಲ್ಲ ಎಂದರೆ ಉಸಿರಿಲ್ಲ ಎಂದೇ ಅರ್ಥ. ಕಿಗ್ಗದಲ್ಲಿ ಅವನ ಹೆಂಡತಿ ಆಗ ಆರು ತಿಂಗಳ ಬಸುರಿ. ಅವಳಿಗೆ ನಾನು ಯಾವ ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ದೋಣಿಯ ಅಂಚು ಹಿಡಿದು "ದ್ಯಾವಮ್ಮಾ, ಅವನು ಕಾಣ್ತಿಲ್ಲ" ಎಂದು ಅತ್ತುಬಿಟ್ಟೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅವಳು ಆಗಲೇ ದೋಣಿಯನ್ನು ಮೂವತ್ತು ಅಡಿ ಆಚೆ ತಂದು ನಿಲ್ಲಿಸಿದ್ದಳು. ಅಲ್ಲಿಯವರೆಗೆ ನನಗೆ ನೀವು ಎನ್ನುತ್ತಿದ್ದವಳು ಈಗ ಏಕವಚನಕ್ಕೆ ಇಳಿದಳು. "ಅಳ್ಬೇಡ. ಕೇಳಿಲ್ಲಿ. ಎರಡು ಸಾಲು ಗುಳ್ಳೆ ಬತ್ತಿದ್ವು. ನಿಂದು ಒರಳಿನ ಹತ್ರ ನಿಂತ್ಕತು. ಅವಂದು ದೊಡ್ಮನೆ ಬಾಗ್ಲಿಗೆ ಬಂದು, ಅಲ್ಲೇ ನಿಂತೋತು. ಒಳಗೆ ಹೋಗ್ಯಾನೆ."

"ಒಳಗೆ ಹೋದ್ರೂ ಗುಳ್ಳೆ ಮೇಲೆ ಬರಬೇಕಲ್ಲ!" ಎಂದು ಕೂಗಿದೆ.

"ಅಟ್ಟ ಅದೆಯಲ್ಲ ಮಗಾ. ಅಟ್ಟ ದಾಟಿ ಹೆಂಗೆ ಬತ್ತವೆ?" ಎಂದಳು. ಆ ಮಾತಿನಿಂದ ನನ್ನ ಜೀವ ತಿರುಗಿ ಬಂತು. ಹೌದು, ಮೇಲೆ ಮಾಡು ಇದ್ದರೆ ಗುಳ್ಳೆ ಅದರಡಿಯಲ್ಲೇ ಸಿಕ್ಕಿಬೀಳುತ್ತದೆ. ಹಾಗಾದರೆ ಅವನು ಉಸಿರಾಡುತ್ತಿರಬಹುದು. ಅವನ ಸಿಲಿಂಡರಿನಲ್ಲಿ ಲೆಕ್ಕದ ಪ್ರಕಾರ ಅರ್ಧ ಗಂಟೆಯ ಗಾಳಿ ಇರಬೇಕು. ಆದರೆ ಹೆದರಿದವನು ಎರಡರಷ್ಟು ಎಳೆಯುತ್ತಾನೆ. ಹತ್ತು ನಿಮಿಷ ಎಂದು ಹಿಡಿದುಕೊಂಡೆ.

ದ್ಯಾವಮ್ಮ ದೋಣಿಯ ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿದಳು. ಕಟ್ಟುತ್ತಲೇ ಹೇಳಿದ ಮಾತು ನನಗೆ ಈಗಲೂ ಅಕ್ಷರ ತಪ್ಪದೆ ನೆನಪಿದೆ. "ಹೊಸ್ತಿಲು ದಾಟಿದ್ ಕೂಡ್ಲೇ ಎಡಗೈ ಗೋಡೆಗಿಡು. ಆ ಗೋಡೆ ಹದಿನಾಲ್ಕು ಮೊಳ. ಮೂರನೇ ಮೊಳಕ್ಕೆ ದೀಪದ ಗೂಡು, ನಿನ್ನ ಭುಜಕ್ಕಿಂತ ಮೇಲೆ. ಹನ್ನೊಂದಕ್ಕೆ ಗೋಡೆ ಹೊಟ್ಟೆ ಬಂದದೆ. ಹದಿನಾಲ್ಕಕ್ಕೆ ಗಿಡ್ಡ ಬಾಗ್ಲು, ತಲೆ ತಗ್ಗಿಸ್ಬೇಕು. ಅದು ಕತ್ತಲೆ ಕೋಣೆ. ಹೊಸಬ್ರು ಯಾರೇ ಬರ್ಲಿ, ದಾರಿ ತಪ್ಪಿ ಅಲ್ಲಿಗೇ ಹೋಗದು. ಅಲ್ಲಿರ್ತಾನೆ. ಬರುವಾಗ ಅದೇ ಗೋಡೆ ಬಲಗೈಗೆ." ವರ್ಷಕ್ಕೊಮ್ಮೆ ಗೋಡೆ ಬಳಿಯುವವರು ಮೊಳ ಹಾಕಿಯೇ ಮಣ್ಣು ಕಲಸುತ್ತಿದ್ದರಂತೆ. ಅರವತ್ತು ವರ್ಷದ ಹಿಂದೆ ಅಂಗೈಯಿಂದ ಸವರಿದ ಗೋಡೆ ಅವಳ ನಾಲಿಗೆ ತುದಿಯಲ್ಲಿ ಹೀಗೆ ನಿಂತಿತ್ತು.

ಇಳಿದೆ. ಹೂಳು ಇನ್ನೂ ಕೂತಿರಲಿಲ್ಲ. ಟಾರ್ಚನ್ನು ಕಲ್ಲಿಗೆ ತಾಗಿಸುವಷ್ಟು ಹತ್ತಿರ ಹಿಡಿದು ತಡಕಾಡಿ ಹೊಸ್ತಿಲನ್ನು ಹುಡುಕಿದೆ. ಕಲ್ಲಿನ ಹೊಸ್ತಿಲು, ನಡುವೆ ತಾವರೆ ಕೆತ್ತನೆ. ಅದರ ಈಚೆ ಬದಿಯಲ್ಲಿ ಶಶಿಯ ಎರಡೂ ಫಿನ್‌ಗಳು ಒತ್ತೊತ್ತಾಗಿ, ಜೋಡಿಸಿಟ್ಟ ಚಪ್ಪಲಿಯ ಹಾಗೆ ಇದ್ದವು.

ಒಂದು ಕ್ಷಣ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸ್ತಿಲು ಕಂಡಿದೆ, ಕಾಲಲ್ಲಿದ್ದುದನ್ನು ಕಳಚಿ ಹೊರಗಿಟ್ಟಿದ್ದಾನೆ! ಲೋಕದ ಯಾವ ಡೈವರ್ ಕೂಡ ಇಂಥ ಕೆಲಸ ಮಾಡಲಾರ. ಫಿನ್ ಇಲ್ಲದ ಬರಿಗಾಲಿನಲ್ಲಿ ನೀರು ತಳ್ಳಲು ಆಗುವುದಿಲ್ಲ, ಹೆಜ್ಜೆ ಹಾಕಿದಷ್ಟೂ ಹೂಳು ಏಳುತ್ತದೆ. ಅವನು ದಾರಿ ತಪ್ಪಿದ್ದು ಹಾಗೆ. ಬೈದುಕೊಳ್ಳುತ್ತ ಒಳಗೆ ಹೋದೆ. ಹೋಗುವಾಗ ನನ್ನ ಕೈ ಕೂಡ ತಾನಾಗಿಯೇ ಹೊಸ್ತಿಲು ಮುಟ್ಟಿ ಮಾಸ್ಕಿಗೆ ತಾಗಿತು. ನಡೆದದ್ದನ್ನೆಲ್ಲ ಹೇಳಲು ಕೂತ ಮೇಲೆ ಇದನ್ನೂ ಹೇಳಬೇಕು.

ಒಳಗೆ ಟಾರ್ಚು ಇದ್ದೂ ಇಲ್ಲದ ಹಾಗೆ. ಎಡಗೈ ಚಾಚಿದೆ. ಗೋಡೆ ಸಿಕ್ಕಿತು. ಬೆರಳಿಗೆ ನುಣುಪಾಗಿ, ಸ್ವಲ್ಪ ಮೆತ್ತಗೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು, ಮತ್ತೆ ಎರಡು, ಮೂರು ಎಂದು ಅಳೆಯುತ್ತ ಹೋದೆ. ಮೂರಕ್ಕೆ ಕೈಯನ್ನು ಮೇಲಕ್ಕೆ ಸರಿಸಿದರೆ ಗೂಡು. ಅಂಗೈ ಅಗಲ, ಮೇಲೆ ಕಮಾನು, ಕೆಳಗೆ ಹಣತೆ ಇಟ್ಟೂ ಇಟ್ಟೂ ಸವೆದ ತಗ್ಗು. ಆ ಗಳಿಗೆಯಲ್ಲಿ ದ್ಯಾವಮ್ಮನ ಮೇಲೆ ಹುಟ್ಟಿದ ಗೌರವಕ್ಕೆ ನನ್ನ ಹತ್ತಿರ ಮಾತಿಲ್ಲ. ಅಲ್ಲಿಂದ ಮುಂದೆ ನನಗೆ ಭಯವೇ ಇರಲಿಲ್ಲ. ಹನ್ನೊಂದನೇ ಮೊಳಕ್ಕೆ ಗೋಡೆ ನಿಜಕ್ಕೂ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು, ನನ್ನ ತೋಳು ಅದರ ಉಬ್ಬನ್ನು ಬಳಸಿ ಹೋಯಿತು. ಹದಿನಾಲ್ಕಕ್ಕೆ ಗೋಡೆ ಮುಗಿದು ಅಂಚು ಸಿಕ್ಕಿತು. ಒಳಕ್ಕೆ ಕೈ ಚಾಚಿದೆ. ಬೆರಳಿಗೆ ಜಾಕೆಟ್ಟಿನ ಪಟ್ಟಿ ತಾಗಿತು. ಮರುಕ್ಷಣ ಒಂದು ದೊಡ್ಡ ಕೈ ನನ್ನ ಮುಂಗೈಯನ್ನು ಮುರಿಯುವಷ್ಟು ಬಲವಾಗಿ ಹಿಡಿಯಿತು.

ಶಶಿ ಮೂಲೆಯಲ್ಲಿ ಮಂಡಿ ಮಡಚಿ ಕೂತಿದ್ದ. ಅವನ ಸಿಲಿಂಡರಿನ ಗಾಳಿ ತೋರಿಸುವ ಗೇಜನ್ನು ಕಣ್ಣಿಗೆ ಒತ್ತಿ ನೋಡಿದೆ. ಇನ್ನೂರರಿಂದ ಹೊರಟ ಮುಳ್ಳು ಮೂವತ್ತಕ್ಕೆ ಬಂದಿತ್ತು. ಅವನ ಕೈಯನ್ನು ನನ್ನ ಸೊಂಟದ ಪಟ್ಟಿಗೆ ಹಿಡಿಸಿ, ಗೋಡೆಯನ್ನು ಬಲಗೈಗೆ ತೆಗೆದುಕೊಂಡು, ಉಬ್ಬು ದಾಟಿ, ಗೂಡು ದಾಟಿ ಹೊಸ್ತಿಲಿಗೆ ಬಂದೆವು. ಫಿನ್‌ಗಳನ್ನು ಬಾಚಿಕೊಂಡು ಮೆಲ್ಲಗೆ ಮೇಲೆದ್ದೆವು. ನಾವು ಹೊಸ್ತಿಲು ದಾಟಿದ ಕೂಡಲೇ ನೀರಿನ ಮೇಲೆ ಎರಡು ಸಾಲು ಗುಳ್ಳೆ ಬುಳಬುಳನೆ ಎದ್ದವೆಂದು ದ್ಯಾವಮ್ಮ ಆಮೇಲೆ ಹೇಳಿದಳು.

ಶಶಿಯನ್ನು ದೋಣಿಗೆ ಎಳೆದುಕೊಂಡೆವು. ದ್ಯಾವಮ್ಮ ಸಂಚಿಯಿಂದ ಒಂದು ಚೂರು ಬೆಲ್ಲ ತೆಗೆದು ಅವನ ಬಾಯಿಗಿಟ್ಟು, ಸೆರಗಿನಿಂದ ತಲೆ ಒರೆಸಿದಳು. ಅವನ ನೆತ್ತಿಯ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಊದಿಕೊಂಡಿತ್ತು. "ಮೇಲೆ ಹೋಗಾಣ ಅಂತ ಎದ್ದೆ ಅಕ್ಕ, ಜಂತಿಗೆ ತಲೆ ಬಡೀತು. ಕೈಯಲ್ಲಿ ಮುಟ್ಟಿ ನೋಡ್ದೆ, ಸಾಲಾಗಿ ಹಲಗೆ. ನಾಕು ಕಡೆ ಹೋದ್ರೂ ಹಲಗೆನೇ. ಅಲ್ಲಾಡಿದ್ರೆ ಗಾಳಿ ಖರ್ಚಾಗ್ತದೆ, ನೀನು ಬತ್ತೀಯ ಅಂತ ಕೂತ್ಕಂಡೆ" ಎಂದ. ಫಿನ್ ಯಾಕೆ ಬಿಚ್ಚಿದೆ ಎಂದು ಗದರಿದೆ. "ಹೊಸ್ತಿಲ ಒಳಗೆ ಮೆಟ್ಟು ಹಾಕ್ಕಂಡು ಹೋಗದು ಹೆಂಗೆ? ಗೊತ್ತೇ ಆಗ್ಲಿಲ್ಲ, ಬಿಚ್ಚಿಟ್ಟಾಗಿತ್ತು" ಎಂದು ತಲೆ ತಗ್ಗಿಸಿದ. ದ್ಯಾವಮ್ಮ ಅವನ ಬೆನ್ನು ಸವರಿ, "ಒಳ್ಳೇದೇ ಮಾಡ್ದೆ ಬಿಡು ಮಾರಾಯ. ಅವ್ವ ಸಾರ್ಸಿದ ನೆಲ ಅದು" ಎಂದಳು.

ನಿಮಗೆ ಇದರಲ್ಲಿ ವಿಚಿತ್ರವೇನಿದೆ ಎನ್ನಿಸಬಹುದು. ನನಗೂ ಏನೂ ಅನ್ನಿಸಿರಲಿಲ್ಲ. ಮುಂದಿನ ಎರಡು ವರ್ಷ ನಾನು ಈ ಕತೆಯನ್ನು ಹೋದಲ್ಲೆಲ್ಲ ಹೇಳಿದೆ, ಒಬ್ಬ ಮುದುಕಿಯ ಅದ್ಭುತ ನೆನಪಿನ ಶಕ್ತಿಯ ಕತೆಯಾಗಿ. ನೀರಿನಡಿ ಮನೆಯಿದೆ, ಅವಳಿಗೆ ಮನೆ ಗೊತ್ತು, ನಾನು ಅವಳು ಹೇಳಿದ ಹಾಗೆ ಹೋದೆ, ಶಶಿ ಬದುಕಿದ. ಅಷ್ಟೇ. ಬಲೆಯ ಚೂರು, ಮರದ ಬೊಡ್ಡೆ, ಹೂಳು ಇರುವುದರಿಂದ ಪ್ರವಾಸಿಗಳಿಗೆ ತಕ್ಕ ಜಾಗವಲ್ಲ ಎಂದು ನರಸಿಂಹರಾಜಪುರದವರಿಗೆ ಬರೆದು ಕೊಟ್ಟಿದ್ದೂ ಆಗಿತ್ತು. ಶಶಿಗೆ ಮಗಳು ಹುಟ್ಟಿದಳು. ನಾಮಕರಣಕ್ಕೆ ದ್ಯಾವಮ್ಮನನ್ನು ಅವನೇ ಹೋಗಿ ಕರೆತಂದ.

ಎರಡು ವರ್ಷದ ಮೇಲೆ ಬಂದ ಬೇಸಿಗೆಯಲ್ಲಿ ಹಿನ್ನೀರು ತೀರಾ ಕೆಳಗಿಳಿಯಿತು. ಹಳೇ ಊರು ಪೂರ್ತಿ ಎದ್ದಿದೆ, ಜನ ನಡೆದುಕೊಂಡು ಹೋಗಿ ನೋಡಿ ಬರುತ್ತಿದ್ದಾರೆ ಎಂದು ಸುದ್ದಿ ಬಂತು. ನಾನೂ ಶಶಿಯೂ ಹೊರಟೆವು. ಮುತ್ತಿನಕೊಪ್ಪದಲ್ಲಿ ಬಸ್ಸಿಳಿದಾಗ ದ್ಯಾವಮ್ಮ ನಿಂತಿದ್ದಳು. ಬಿರಿದ ಕೆಸರಿನ ಮೇಲೆ ಅವಳ ಹಿಂದೆ ನಡೆದೆವು. ದೀಪದ ಕಂಬ ಸಿಕ್ಕಿತು, ಕಲ್ಲಿನ ಬಾನಿ ಸಿಕ್ಕಿತು, ನನ್ನ ಒರಳು ಸಿಕ್ಕಿತು. ಅಲ್ಲಿಂದ ಮೂವತ್ತು ಅಡಿ ಆಚೆ ತಾವರೆಯ ಹೊಸ್ತಿಲು.

ಹೊಸ್ತಿಲಿನಾಚೆ ಮನೆ ಇರಲಿಲ್ಲ.

ಅರ್ಧ ಕುಸಿದ ಮನೆ, ಒಂದೆರಡು ಗೋಡೆ ಬಿದ್ದ ಮನೆ ಎಂದಲ್ಲ. ಮನೆಯೇ ಇರಲಿಲ್ಲ. ತಳಪಾಯದ ಕಲ್ಲುಗಳ ಒಂದು ಸಾಲು, ಎತ್ತರದ ಕಡೆ ಮೊಣಕಾಲಿನವರೆಗೆ, ಉಳಿದ ಕಡೆ ಅದೂ ಇಲ್ಲ. ಅದರೊಳಗೆ ಒಣಗಿದ ಹೂಳು, ಮೇಲೆ ಬಿಸಿಲು. ನಾನು ಮೊದಲು ಬೇರೆ ಜಾಗಕ್ಕೆ ಬಂದಿದ್ದೇವೆ ಎಂದುಕೊಂಡೆ. ಹೊಸ್ತಿಲಿನ ತಾವರೆ ಅದಕ್ಕೆ ಅವಕಾಶ ಕೊಡಲಿಲ್ಲ. "ದ್ಯಾವಮ್ಮ, ಗೋಡೆ ಯಾವಾಗ ಬಿತ್ತು? ಈ ಎರಡು ವರ್ಷದಲ್ಲಾ?" ಎಂದೆ.

ಅವಳು ಕಲ್ಲಿನ ಮೇಲೆ ಕೂತು ನಿಧಾನಕ್ಕೆ ಹೇಳಿದಳು. ಊರು ಬಿಡುವಾಗಲೇ ಯಜಮಾನರು ಹೆಂಚು ಇಳಿಸಿದರು, ಜಂತಿ, ಅಟ್ಟದ ಹಲಗೆ, ಬಾಗಿಲು, ಕಿಟಕಿ ಎಲ್ಲವನ್ನೂ ಗಾಡಿಯ ಮೇಲೆ ಹೇರಿ ಹೊಸ ಜಾಗಕ್ಕೆ ಸಾಗಿಸಿದರು. ಎಲ್ಲ ಮನೆಯವರೂ ಮಾಡಿದ್ದು ಅದನ್ನೇ. ಉಳಿದದ್ದು ಬೋಳು ಮಣ್ಣಿನ ಗೋಡೆ. ಅದು ಮೊದಲ ವರ್ಷದ ನೀರಿಗೇ ಕರಗಿತು. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಅವ್ವ ಮಗಳು ಬಂದು ನೋಡಿದರೆ ಈಗಿರುವಂತೆಯೇ ಇತ್ತಂತೆ. ಒಂದು ಮಾತನ್ನು ಮಾತ್ರ ಅವಳು ಸ್ವಲ್ಪ ತಡೆದು ಹೇಳಿದಳು. ಹೆಂಚು ಇಳಿಸುವ ಹಿಂದಿನ ದಿನ ಅವ್ವ ಕೆಮ್ಮಣ್ಣು ಕಲಸಿಕೊಂಡು ಬಂದು, ಇಡೀ ಮನೆಯ ಗೋಡೆ ಬಳಿದು ನೆಲ ಸಾರಿಸಿದಳಂತೆ. ಮುಳುಗೋ ಮನೆಗೆ ಯಾಕೆ ಕೈ ನೋಯಿಸಿಕೊಳ್ಳುತ್ತೀಯ ಎಂದು ಎಲ್ಲರೂ ನಕ್ಕರಂತೆ. "ಹೊಲಸು ಮನೇನ ನೀರಿನ ಕೈಗೆ ಕೊಡಾದಾ?" ಎಂದಳಂತೆ ಅವ್ವ. ಕೂಲಿ ಕೇಳದೆ ಮಾಡಿದ ಕೆಲಸ. ಆ ತಾಯಿಯ ಹೆಸರನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ಕೇಳಿದೆ. ಬೆಳ್ಳಿ ಎಂದಳು.

"ಮತ್ತೆ ಅವತ್ತು ಅಟ್ಟ ಅದೆ ಅಂದ್ಯಲ್ಲ?" ಎಂದೆ. ಜಗಳ ಕಾಯುವವಳ ಹಾಗೆ ಕೇಳಿದೆ ಎಂದು ಕಾಣುತ್ತದೆ. ದ್ಯಾವಮ್ಮ ನನ್ನನ್ನು ಮರುಕದಿಂದ ನೋಡಿದಳು.

"ಅವತ್ತು ಇತ್ತಲ್ಲ ಮಗ," ಎಂದಳು, ಅಷ್ಟೇ.

ನಾನು ಸೋಲೊಪ್ಪುವವಳಲ್ಲ. ಒಣ ಹೂಳಿನ ಮೇಲೆ ಕುಕ್ಕರಿಸಿ ತಳಪಾಯದ ಸಾಲನ್ನು ಮೊಳ ಹಾಕಿ ಅಳೆದೆ. ಸರಿಯಾಗಿ ಹದಿನಾಲ್ಕು. ಸರಿ, ಅವತ್ತು ಕತ್ತಲೆಯಲ್ಲಿ ತಳಕ್ಕೆ ಅಂಟಿಕೊಂಡು ಈ ಮೊಣಕಾಲೆತ್ತರದ ಕಲ್ಲನ್ನೇ ಸವರುತ್ತ ಹೋಗಿರಬಹುದು ಎಂದುಕೊಂಡೆ. ಗೂಡೆಂದರೆ ಕಲ್ಲಿನ ಸಂದು ಇರಬಹುದು. ಶಶಿಯ ತಲೆಗೆ ತಾಗಿದ್ದು ಯಾವುದೋ ತೇಲುವ ದಿಮ್ಮಿ ಇರಬಹುದು. ಎಲ್ಲಕ್ಕೂ ಒಂದೊಂದು ಕಾರಣ ಹೊಂದಿಸಿದೆ. ಮೂರನೇ ಮೊಳದ ಹತ್ತಿರ ನಿಂತು, ಅವತ್ತಿನ ಹಾಗೆ ಎಡಗೈಯನ್ನು ಭುಜಕ್ಕಿಂತ ಮೇಲೆ ಚಾಚಿದೆ. ಬೆರಳಿಗೆ ಬಿಸಿಗಾಳಿ ತಾಗಿತು. ಆದರೆ ಕೈಗೆ ಆ ಕಮಾನಿನ ಅಂಚು ಚೆನ್ನಾಗಿ ನೆನಪಿತ್ತು. ಕಲ್ಲಿನ ಸಂದು ಭುಜಕ್ಕಿಂತ ಮೇಲೆ ಹೇಗೆ ಬರುತ್ತದೆ? ಕನ್ನಡಿಯಂಥ ನೀರಿನ ಮೇಲೆ ಮೂರ್ನಾಲ್ಕು ನಿಮಿಷ ಒಂದೇ ಒಂದು ಗುಳ್ಳೆ ಏಳದಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೆನಲ್ಲ, ಅವನ ಉಸಿರನ್ನು ಹಿಡಿದು ನಿಲ್ಲಿಸಿದ್ದು ಏನು? ಮೇಲೆ ಬಯಲೇ ಇದ್ದಿದ್ದರೆ, ಹತ್ತು ವರ್ಷದ ಅನುಭವವಿರುವ ಆಳು, ನೆಟ್ಟಗೆ ಎದ್ದು ಬರಲಾರದೆ ಸಾವಿಗೆ ಕಾಯುತ್ತ ಕೂತಿದ್ದನೇ? ಇನ್ನೊಂದು ಪ್ರಶ್ನೆಯಂತೂ ಎಲ್ಲಕ್ಕಿಂತ ಕೆಟ್ಟದ್ದು. ಅವನನ್ನು ಒಳಗೆ ಕೂಡಿಹಾಕಿದ್ದೂ ಆ ಗೋಡೆಯೇ, ಹೊರಗೆ ಕರೆತಂದದ್ದೂ ಆ ಗೋಡೆಯೇ. ಅದಕ್ಕೆ ಕೈ ಮುಗಿಯಲೋ, ಹೆದರಲೋ?

ಶಶಿ ಕತ್ತಲೆ ಕೋಣೆ ಇದ್ದ ಮೂಲೆಗೆ ಹೋಗಿ, ತಾನು ಕೂತಿದ್ದ ಜಾಗದಲ್ಲಿ ಕೂತ. ನಾನೂ ಅವನಿದ್ದಲ್ಲಿಗೆ ಹೋದೆ. ಸುತ್ತ ನಾಲ್ಕು ಕಡೆಗೂ ಬಯಲು, ದೂರದ ಗುಡ್ಡದವರೆಗೆ ಕಣ್ಣಿಗೆ ಅಡ್ಡವಿಲ್ಲ. ಎದ್ದು ಬಲಗೈ ಮೇಲೆತ್ತಿದ. "ಇಷ್ಟು ಎತ್ತರಕ್ಕೆ ಇತ್ತು ಅಕ್ಕ" ಎಂದ. ದನಿಯಲ್ಲಿ ಹೆದರಿಕೆ ಇರಲಿಲ್ಲ. ಸ್ವಲ್ಪ ಹೊತ್ತು ಕೈಯನ್ನು ಹಾಗೆಯೇ ಹಿಡಿದಿದ್ದ. ದ್ಯಾವಮ್ಮ ಅವನನ್ನು ನೋಡುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆಮೇಲೆ "ಬಿಸ್ಲು ಏರ್ತು, ಮಗಳು ಕಾಯ್ತಿರ್ತಾಳೆ, ಹೋಗಾಣ" ಎಂದು ಹೊರಟ.

ಆ ಮೂಲೆಯಿಂದ ಈಚೆಗೆ ಬರುವಾಗ, ಹದಿನಾಲ್ಕನೇ ಮೊಳದ ಕಲ್ಲು ಮುಗಿಯುವ ಕಡೆ, ಆರಡಿಯ ಆ ಮನುಷ್ಯ ಮಟಮಟ ಮಧ್ಯಾಹ್ನದ ಬಯಲಿನಲ್ಲಿ ತಲೆ ಬಗ್ಗಿಸಿ ದಾಟಿದ. ಬಗ್ಗಿದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ, ಏಕೆಂದರೆ ಅವನ ಹಿಂದೆ ಬರುತ್ತಿದ್ದ ನಾನೂ ಬಗ್ಗಿದ್ದೆ.